ಕೆಟ್ಟ ವರ್ಷವನ್ನು ಲೆಕ್ಕಕ್ಕಿಟ್ಟುಕೊಂಡ ಬೇಸಾಯ

ನಮಸ್ಕಾರ. ಅವತ್ತು ಸಭೆಯಲ್ಲಿ ಆಫ್ರಿಕಾದ ಸಣ್ಣ ರೈತರ ಬೇಸಾಯದ ಬಗ್ಗೆ ಮಾತಾಡಿದ್ದನ್ನು ಬರೆದುಕೊಡಿ ಎಂದು ಕೆಲವರು ಕೇಳಿದರು. ಅದಕ್ಕೇ ಇದು. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ನನಗೆ ಹೇಳಲಿಕ್ಕಿರುವುದು ಒಂದೇ ಮಾತು, ಮೊದಲೇ ಹೇಳಿಬಿಡುತ್ತೇನೆ. ಆಫ್ರಿಕಾದ ಸಣ್ಣ ರೈತರು ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದಿರುವುದು ಕೆಟ್ಟ ವರ್ಷವನ್ನು ಲೆಕ್ಕಕ್ಕಿಟ್ಟುಕೊಂಡು. ಹೊರಗಿನಿಂದ ಬಂದವರು, ಅಂದರೆ ವಸಾಹತು ಸರ್ಕಾರಗಳು, ಆಮೇಲೆ ಎಷ್ಟೋ ಕಡೆ ಸ್ವತಂತ್ರ ದೇಶಗಳ ಕೃಷಿ ಇಲಾಖೆಗಳು ಕೂಡ, ಅಳೆದಿದ್ದು ಒಳ್ಳೆ ವರ್ಷದ ಇಳುವರಿಯನ್ನು. ಚೆನ್ನಾಗಿ ಮಳೆ ಬಿದ್ದ ವರ್ಷ ಹೆಕ್ಟೇರಿಗೆ ಎಷ್ಟು ಕ್ವಿಂಟಲ್ ಎಂದು ಕೇಳಿದರೆ ಮೆಕ್ಕೆಜೋಳ ಗೆಲ್ಲುತ್ತದೆ. ಹತ್ತು ವರ್ಷದಲ್ಲಿ ಎಷ್ಟು ವರ್ಷ ಮನೆಮಂದಿಗೆಲ್ಲ ಹೊಟ್ಟೆ ತುಂಬ ಊಟ ಸಿಕ್ಕಿತು ಎಂದು ಕೇಳಿ ನೋಡಿ, ಉತ್ತರ ಬೇರೆಯೇ ಬರುತ್ತದೆ.

2024ನ್ನೇ ತೆಗೆದುಕೊಳ್ಳಿ. ಆ ವರ್ಷ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಕಾರಣಕ್ಕೆ ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಮಳೆ ಕೈಕೊಟ್ಟಿತು. ಫೆಬ್ರವರಿ ಕೊನೆಯಲ್ಲಿ ಜಾಂಬಿಯಾ, ಮಾರ್ಚ್‌ನಲ್ಲಿ ಮಲಾವಿ, ಏಪ್ರಿಲ್‌ನಲ್ಲಿ ಜಿಂಬಾಬ್ವೆ, ಹೀಗೆ ಒಂದರ ಹಿಂದೆ ಒಂದು ದೇಶ ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದವು. ಜಾಂಬಿಯಾದಲ್ಲಿ ಸುಮಾರು 22 ಲಕ್ಷ ಹೆಕ್ಟೇರ್‌ನಲ್ಲಿ ಮೆಕ್ಕೆಜೋಳ ಹಾಕಿದ್ದರು, ಅದರಲ್ಲಿ 10 ಲಕ್ಷ ಹೆಕ್ಟೇರ್ ಒಣಗಿಹೋಯಿತು. ಮೆಕ್ಕೆಜೋಳ ಅಲ್ಲಿಯ ಮೂಲ ಬೆಳೆಯಲ್ಲ. ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬೆಳೆ ಬಂದದ್ದರಲ್ಲಿ ತಪ್ಪೇನಿಲ್ಲ, ನಾವೂ ಮೆಣಸಿನಕಾಯಿ, ಟೊಮೆಟೊ ಎಲ್ಲ ಅಲ್ಲಿಂದಲೇ ತಂದುಕೊಂಡವರು. ತೊಂದರೆ ಆದದ್ದು 20ನೇ ಶತಮಾನದಲ್ಲಿ. ಬೆಲೆ, ಸಬ್ಸಿಡಿ, ಗೊಬ್ಬರ, ಸಾಲ, ಗೋದಾಮು ಎಲ್ಲವನ್ನೂ ಅದೊಂದೇ ಬೆಳೆಯ ಹಿಂದೆ ನಿಲ್ಲಿಸಿದಾಗ ಜೋಳ, ಸಜ್ಜೆ, ರಾಗಿ ಎಲ್ಲ ಹೊಲದ ಅಂಚಿಗೆ ಸರಿದವು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಎರಡು ಮೂರು ವಾರ ಮಳೆ ತಪ್ಪಿದರೆ ಮೆಕ್ಕೆಜೋಳಕ್ಕೆ ಕಾಳೇ ಕಟ್ಟುವುದಿಲ್ಲ. ಇದು ನಮ್ಮ ಹಾವೇರಿ, ದಾವಣಗೆರೆ ಕಡೆಯವರಿಗೂ ಚೆನ್ನಾಗಿ ಗೊತ್ತಿರುವ ವಿಷಯ.

ಇನ್ನೊಂದು ಮಾತು. ಆಫ್ರಿಕಾ ಅಂದರೆ ಐವತ್ತಕ್ಕೂ ಹೆಚ್ಚು ದೇಶ, ಸಾವಿರಾರು ಭಾಷೆ. ‘ಆಫ್ರಿಕಾದ ಜ್ಞಾನ’ ಎಂದು ಒಂದೇ ಗಂಟು ಕಟ್ಟಿ ತೋರಿಸಲು ಬರುವುದಿಲ್ಲ. ಹಾಗಾಗಿ ನಾಲ್ಕೈದು ಊರುಗಳ ಕಥೆ ಹೇಳುತ್ತೇನೆ.

ಮೊದಲನೆಯದು ಬುರ್ಕಿನಾ ಫಾಸೋ ದೇಶದ ಉತ್ತರಕ್ಕಿರುವ ಯಾಟೆಂಗಾ. ಸಹಾರಾ ಮರುಭೂಮಿಯ ಕೆಳಗಿನ ಸೀಮೆ. ಮಳೆ ಹೆಚ್ಚೂಕಡಿಮೆ ನಮ್ಮ ಚಳ್ಳಕೆರೆ, ಪಾವಗಡ ಕಡೆ ಬೀಳುವಷ್ಟು. ಆದರೆ ಅದೆಲ್ಲ ಮೂರು ನಾಲ್ಕು ತಿಂಗಳಲ್ಲೇ ಬಿದ್ದು ಮುಗಿಯುತ್ತದೆ. ಉಳಿದ ಕಾಲ ಬಿಸಿಲು, ಗಾಳಿ. 1970ರ ಹಿಂದುಮುಂದಿನ ಬರ, ಆಮೇಲೆ 1980ರ ದಶಕದ ಬರ, ಎರಡೂ ಸೇರಿ ಊರೂರೇ ಖಾಲಿಯಾದವು. ನೆಲದ ಮೇಲ್ಮಣ್ಣು ಹೋಗಿ, ಮೇಲೆ ಒಂದು ಗಟ್ಟಿ ಪದರ ಕಟ್ಟಿಕೊಂಡು, ಮಳೆ ಬಂದರೂ ನೀರು ಒಳಗೆ ಇಳಿಯದೆ ಸುಮ್ನೆ ಹರಿದುಹೋಗುವ ಸ್ಥಿತಿ.

ಆ ನೆಲಕ್ಕೆ ಅಲ್ಲಿಯ ಮೋಸಿ ಜನರ ಹತ್ತಿರ ಒಂದು ಹಳೆಯ ಉಪಾಯ ಇತ್ತು. ಜಾಯ್ ಅನ್ನುತ್ತಾರೆ. ಬೇಸಿಗೆಯಲ್ಲಿ, ಬೇರೆ ಕೆಲಸ ಇಲ್ಲದಾಗ, ಗುದ್ದಲಿ ಹಿಡಿದು ಆ ಗಟ್ಟಿ ನೆಲದಲ್ಲಿ ಸಾಲಾಗಿ ಗುಂಡಿ ತೋಡುವುದು. ಒಂದೊಂದು ಗುಂಡಿ ಒಂದು ಗೇಣಿನಿಂದ ಒಂದೂವರೆ ಗೇಣು ಅಗಲ, ಅದಕ್ಕಿಂತ ಕಡಿಮೆ ಆಳ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಹಾಗೆ ಹಾಕುತ್ತಾರೆ, ಮೇಲಿನಿಂದ ಹರಿದು ಬಂದ ನೀರು ಅಲ್ಲೇ ನಿಲ್ಲಲಿ ಎಂದು. ಗುಂಡಿಗೆ ಒಂದೆರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಒಣ ಎಲೆ. ಮಳೆ ಬಂದ ಮೇಲೆ ಅದರಲ್ಲೇ ಜೋಳವೋ ಸಜ್ಜೆಯೋ ಬಿತ್ತುವುದು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಗೆದ್ದಲಿನ ಪಾತ್ರ. ಗೆದ್ದಲು ಅಂದರೆ ನಾವೆಲ್ಲ ಔಷಧಿ ಹೊಡೆಯಲು ಓಡುತ್ತೇವೆ, ಅಲ್ವಾ? ಇಲ್ಲಿ ಗೊಬ್ಬರದ ಆಸೆಗೆ ಗೆದ್ದಲು ಗುಂಡಿಗೆ ಬರುತ್ತದೆ. ಬಂದು ಆ ಗಟ್ಟಿ ಪದರವನ್ನು ಕೊರೆದು ಒಳಗೆಲ್ಲ ಸಣ್ಣ ಸಣ್ಣ ದಾರಿ ಮಾಡುತ್ತದೆ. ಮೊದಲ ಮಳೆ ಬಿದ್ದಾಗ ನೀರು ಆ ದಾರಿಯಲ್ಲೇ ಕೆಳಗಿಳಿದು ತೇವ ಹಿಡಿದುಕೊಳ್ಳುತ್ತದೆ. ನಡುವೆ ಎರಡು ವಾರ ಮಳೆ ತಪ್ಪಿದರೂ ಪೈರು ಬಾಡುವುದಿಲ್ಲ. ಟ್ರ್ಯಾಕ್ಟರ್ ಇಲ್ಲದವನ ಪಾಲಿನ ಉಳುಮೆಯನ್ನು ಗೆದ್ದಲು ಮಾಡಿಕೊಡುತ್ತದೆ. ಗೊಬ್ಬರವನ್ನು ಬೇಸಿಗೆಯಲ್ಲೇ ಹಾಕಬೇಕು ಅನ್ನುವುದರ ಗುಟ್ಟು ಇದೇ.

ಈ ಹಳೇ ಪದ್ಧತಿಯನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ದೊಡ್ಡ ಹೆಸರು ಯಾಕೂಬಾ ಸವಾಡೊಗೊ ಅವರದ್ದು. ಓದು ಬರಹ ಇರಲಿಲ್ಲ. ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದವರು ಅದನ್ನು ಬಿಟ್ಟು, ಎಲ್ಲರೂ ಊರು ಬಿಡುತ್ತಿದ್ದ ಹೊತ್ತಿನಲ್ಲಿ, 1980ರ ಸುಮಾರಿಗೆ ಊರಿಗೆ ವಾಪಸ್ ಬಂದರು. ಹಿರಿಯರ ಗುಂಡಿಯನ್ನು ಇನ್ನಷ್ಟು ಅಗಲ, ಇನ್ನಷ್ಟು ಆಳ ಮಾಡಿ, ಗೊಬ್ಬರ ಹಾಕಿ ನೋಡಿದರು. ಜನ ತಲೆಕೆಟ್ಟವನು ಎಂದರು. ಬೆಳೆದ ಗಿಡಮರಗಳಿಗೆ ಬೆಂಕಿ ಇಟ್ಟರು. ಅವರು ಮತ್ತೆ ಶುರು ಮಾಡಿದರು. ಗೊಬ್ಬರದ ಜೊತೆ ಬಂದ ಬೀಜಗಳಿಂದ ಗುಂಡಿಗಳಲ್ಲಿ ಮರದ ಸಸಿಗಳು ಹುಟ್ಟಿದವು, ಅವನ್ನು ಕೀಳದೆ ಬಿಟ್ಟರು, ಬರುಬರುತ್ತಾ ಹತ್ತಾರು ಹೆಕ್ಟೇರ್ ಕಾಡೇ ಆಯಿತು. 60ಕ್ಕೂ ಹೆಚ್ಚು ಜಾತಿಯ ಮರಗಳು. ಆಮೇಲೆ ವರ್ಷಕ್ಕೆ ಎರಡು ಸಲ ತಮ್ಮ ಹೊಲದಲ್ಲೇ ರೈತರ ಸಂತೆ ಸೇರಿಸುತ್ತಿದ್ದರು. ಸುತ್ತಲ ಹಳ್ಳಿಗಳಿಂದ ರೈತರು ತಮ್ಮ ತಮ್ಮ ಬೀಜ ತಂದು, ನೋಡಿ, ಬದಲಾಯಿಸಿಕೊಂಡು ಹೋಗುತ್ತಿದ್ದರು. 2018ರಲ್ಲಿ ಅವರಿಗೆ ‘ಪರ್ಯಾಯ ನೊಬೆಲ್’ ಎಂದು ಹೆಸರಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಟ್ಟಣ ಬೆಳೆದು ಅವರ ಕಾಡಿನ ಒಂದು ಭಾಗದಲ್ಲಿ ಮನೆಗಳೆದ್ದವು. ಆ ಸೀಮೆಯಲ್ಲಿ ಬಂದೂಕು ಹಿಡಿದವರ ಹಾವಳಿ ಹೆಚ್ಚಾಗಿ ಎಷ್ಟೋ ರೈತರು ಹೊಲಮನೆ ಬಿಟ್ಟು ಹೋಗಬೇಕಾಯಿತು. ವಿದ್ಯೆ ಕೈಯಲ್ಲಿದ್ದೂ ಗುಂಡಿ ತೋಡಲು ಕಾಲ ಕೆಳಗೆ ನೆಲವಿಲ್ಲ ಅನ್ನುವ ಸ್ಥಿತಿ ಎಂಥ ಸಂಕಟ ನೋಡಿ.

ಒಂದು ವಿಷಯ ಮುಚ್ಚಿಡಬಾರದು. ಜಾಯ್ ಸುಲಭದ ಕೆಲಸವಲ್ಲ. ಒಂದು ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಹೆಚ್ಚು ಗುಂಡಿ, ತೋಡಲು ಮುನ್ನೂರು ಗಂಟೆಯಷ್ಟು ದುಡಿಮೆ. ಮನೆಯಲ್ಲಿ ಆಳುಕಾಳು ಇಲ್ಲದವರಿಗೆ, ದನ ಇಲ್ಲದೆ ಗೊಬ್ಬರವೂ ಇಲ್ಲದ ವಿಧವೆಗೆ ಇದು ನಿಲುಕುವುದಿಲ್ಲ. ಹಳೆಯ ಜ್ಞಾನವನ್ನು ಹೊಗಳುವವರು ಈ ಬೆವರಿನ ಲೆಕ್ಕವನ್ನೂ ಹೇಳಬೇಕು.

ಯಾಟೆಂಗಾದಿಂದ ಪೂರ್ವಕ್ಕೆ ಹೋದರೆ ನೈಜರ್ ದೇಶ. ಅದರ ದಕ್ಷಿಣದಲ್ಲಿ ಮರಾಡಿ, ಜಿಂಡರ್ ಎಂಬ ಎರಡು ಪ್ರಾಂತ್ಯ. ಅಲ್ಲಿ ಹೊಲದಲ್ಲಿ ‘ಗಾವೊ’ ಎಂಬ ಜಾಲಿಯ ಜಾತಿಯ ಮರ ಇದೆ. ಇದರ ನಡತೆ ವಿಚಿತ್ರ. ಮಳೆಗಾಲದಲ್ಲಿ ಎಲೆ ಉದುರಿಸಿಕೊಂಡು ನಿಲ್ಲುತ್ತದೆ, ಬೇಸಿಗೆಯಲ್ಲಿ ಚಿಗುರುತ್ತದೆ. ಹಾಗಾಗಿ ಬೆಳೆ ಇರುವಾಗ ನೆರಳು ಬೀಳುವುದಿಲ್ಲ, ಉದುರಿದ ಎಲೆ ಗೊಬ್ಬರವಾಗುತ್ತದೆ, ಬೇಸಿಗೆಯಲ್ಲಿ ಬೇರೆಲ್ಲ ಒಣಗಿದಾಗ ದನಕರು, ಮೇಕೆಗೆ ಇದರ ಕಾಯಿ ಸೊಪ್ಪು ಮೇವು. ಅದರ ಬುಡದಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆ ಎಂಬುದು ಅಲ್ಲಿಯ ರೈತರಿಗೆ ಹಿಂದಿನಿಂದಲೂ ಗೊತ್ತಿತ್ತು.

ಗೊತ್ತಿದ್ದೂ ಯಾಕೆ ಮರಗಳು ಖಾಲಿಯಾದವು? ಫ್ರೆಂಚರ ಕಾಲದಿಂದ ಬಂದ ಕಾನೂನಿನಲ್ಲಿ ಮರ ಸರ್ಕಾರದ್ದು. ನಿನ್ನ ಹೊಲದಲ್ಲೇ ಇದ್ದರೂ, ನೀನೇ ಕಾಪಾಡಿದ್ದರೂ, ಕೊಂಬೆ ಕಡಿದರೆ ದಂಡ. ಇನ್ನು ಯಾರು ಸಸಿ ಕಾಯುತ್ತಾರೆ? ಮೊಳಕೆಯಲ್ಲೇ ಕಿತ್ತು ಹಾಕುವುದು ಕ್ಷೇಮ. 1980ರ ದಶಕದ ಮಧ್ಯದಿಂದ ಈ ಬಿಗಿ ಸಡಿಲವಾಯಿತು. ಅದೇ ಹೊತ್ತಿಗೆ ಮರಾಡಿಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ, ಸಸಿ ನೆಟ್ಟು ನೆಟ್ಟು ಅವೆಲ್ಲ ಒಣಗಿದ ಮೇಲೆ, ಹೊಲದಲ್ಲಿ ಪೊದೆಯ ಹಾಗೆ ಕಾಣುತ್ತಿದ್ದದ್ದು ಕಡಿದ ಮರಗಳ ಜೀವಂತ ಮೋಟು ಎಂದು ಗಮನಿಸಿದರು. ಬೇರು ಕೆಳಗೆ ಗಟ್ಟಿಯಾಗಿ ಇದೆ. ಹತ್ತಾರು ಚಿಗುರಿನಲ್ಲಿ ಒಳ್ಳೆಯ ಮೂರು ನಾಲ್ಕನ್ನು ಉಳಿಸಿ ಬಾಕಿಯದ್ದನ್ನು ಸವರಿದರೆ ಸಾಕು, ಕೆಲವೇ ವರ್ಷದಲ್ಲಿ ಮರ. ಈ ಕೆಲಸ ರೈತರಿಗೆ ಹೊಸದಾಗಿರಲಿಲ್ಲ. ಮರ ನನ್ನದು ಅನ್ನುವ ಧೈರ್ಯ ಮಾತ್ರ ಬೇಕಿತ್ತು. ಒಬ್ಬರಿಂದೊಬ್ಬರಿಗೆ ಹಬ್ಬಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ 20 ಕೋಟಿ ಮರಗಳು ಎದ್ದಿವೆ ಎಂದು ಉಪಗ್ರಹ ಚಿತ್ರಗಳನ್ನು ನೋಡಿದ ಸಂಶೋಧಕರು ಅಂದಾಜು ಮಾಡಿದರು. ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ ಜಾಗ ಅದು! ಮರ ಇದ್ದವರಿಗೆ ಬೆಳೆ ಹೋದ ವರ್ಷ ಸೌದೆ ಮಾರಿ, ಮೇವು ಮಾರಿ ಕಾಳು ಕೊಳ್ಳಲು ಒಂದು ದಾರಿ ಇರುತ್ತದೆ.

ಈಗ ಇಥಿಯೋಪಿಯಾ. 1984-85ರ ಕ್ಷಾಮದ ಫೋಟೋಗಳನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಿಕ್ಕಿಲ್ಲ. ಆ ಕ್ಷಾಮ ಹೆಚ್ಚಾಗಿ ಕಾಡಿದ್ದು ಉತ್ತರದ ಟಿಗ್ರಾಯ್, ವೊಲ್ಲೊ ಪ್ರಾಂತ್ಯಗಳನ್ನು, ಅದಕ್ಕೆ ಬರದ ಜೊತೆ ಯುದ್ಧವೂ ಕಾರಣ. ಆ ಕಾಲದಲ್ಲೂ ದಕ್ಷಿಣದ ಬೆಟ್ಟಸೀಮೆಯ ಎಷ್ಟೋ ಊರುಗಳು ಅಷ್ಟು ಕುಸಿಯಲಿಲ್ಲ. ಅವರ ಹಿತ್ತಿಲಿನಲ್ಲಿ ಎನ್ಸೆಟ್ ಇತ್ತು.

ಎನ್ಸೆಟ್ ನೋಡಲು ಥೇಟ್ ಬಾಳೆ. ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಬೆಳೆಯುವ ಕಲ್ಲುಬಾಳೆ ಇದೆಯಲ್ಲ, ಅದರ ಖಾಸಾ ಬಳಗ. ಆದರೆ ತಿನ್ನುವುದು ಹಣ್ಣನ್ನಲ್ಲ, ದಿಂಡು ಮತ್ತು ಗೆಡ್ಡೆಯನ್ನು. ಹೆಂಗಸರು ಗಿಡ ಕೆಡವಿ, ಪಟ್ಟೆಗಳನ್ನು ಓರೆಯಾಗಿ ನಿಲ್ಲಿಸಿದ ಹಲಗೆಗೆ ಒತ್ತಿ ಹಿಡಿದು, ಬಿದಿರಿನ ಅಲಗಿನಿಂದ ಕೆರೆಯುತ್ತಾರೆ. ಒಂದು ಕಾಲಿನಿಂದ ಪಟ್ಟೆಯನ್ನು ಮೇಲೆ ಅದುಮಿಕೊಂಡೇ ಈ ಕೆಲಸ ನಡೆಯುತ್ತದೆ. ತಿರುಳು ಒಂದು ಕಡೆ, ನಾರು ಒಂದು ಕಡೆ. ತಿರುಳನ್ನು ಗೆಡ್ಡೆಯ ಜೊತೆ ಸೇರಿಸಿ, ನೆಲದಲ್ಲಿ ಗುಂಡಿ ತೋಡಿ, ಸುತ್ತ ಎನ್ಸೆಟ್ ಎಲೆಯನ್ನೇ ಹಾಸಿ ಮುಚ್ಚಿ ಹುಳಿ ಬರಲು ಬಿಡುತ್ತಾರೆ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಇರುತ್ತದೆ. ಬೇಕೆನಿಸಿದಾಗ ತೆಗೆದು, ಹಿಂಡಿ, ನಾರು ಕತ್ತರಿಸಿ, ದಪ್ಪ ರೊಟ್ಟಿ ಸುಡುತ್ತಾರೆ. ಅದಕ್ಕೆ ಕೊಚೊ ಎನ್ನುತ್ತಾರೆ. ಸುಮಾರು 2 ಕೋಟಿ ಜನಕ್ಕೆ ಇದು ಆಹಾರ.

ಬರದ ದೃಷ್ಟಿಯಿಂದ ಇದರ ದೊಡ್ಡಗುಣ ಏನೆಂದರೆ ಕೊಯ್ಲಿಗೆ ದಿನ ನಿಗದಿ ಇಲ್ಲ. ರಾಗಿ, ಜೋಳ ಹಣ್ಣಾದಾಗ ಕೊಯ್ಯಲೇಬೇಕು. ಎನ್ಸೆಟ್ ಮೂರು ವರ್ಷಕ್ಕೂ ಕಡಿಯಬಹುದು, ಏಳು ವರ್ಷಕ್ಕೂ ಕಡಿಯಬಹುದು. ಒಳ್ಳೆ ವರ್ಷ ಮುಟ್ಟದೆ ಬೆಳೆಯಲು ಬಿಟ್ಟು ಕೆಟ್ಟ ವರ್ಷ ಕಡಿದರಾಯಿತು. ಐದಾರು ಜನರ ಮನೆಗೆ 40ರಿಂದ 60 ಗಿಡ ಸಾಕಾಗುತ್ತದೆ ಎಂಬ ಅಂದಾಜಿದೆ, ಅದಕ್ಕೆ ಬೇಕಾದ ಜಾಗ ಮೂರು ನಾಲ್ಕು ಗುಂಟೆ. ಇದಕ್ಕೂ ಒಂದು ಶತ್ರು ಇದೆ. ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದಕ್ಕೇ ಒಂದೇ ಹಿತ್ತಿಲಲ್ಲಿ ಹಲವು ತಳಿ ಇಡುತ್ತಾರೆ, ಯಾವುದು ರೋಗ ತಾಳುತ್ತದೆ, ಯಾವುದರ ಗೆಡ್ಡೆ ರುಚಿ, ಯಾವುದರ ನಾರು ಗಟ್ಟಿ ಎಂದು ಆ ಹೆಂಗಸರು ಎಲೆ ನೋಡಿಯೇ ಹೇಳುತ್ತಾರೆ. ಕೃಷಿ ಅಧಿಕಾರಿಗಳು ಗಂಡಸರನ್ನು ಕೂರಿಸಿಕೊಂಡು ಸಭೆ ನಡೆಸಿದರೆ ಈ ಜ್ಞಾನ ಹೇಗೆ ಹೊರಗೆ ಬಂದೀತು?

ಇನ್ನು ನಮ್ಮ ರಾಗಿಗೆ ಬರುತ್ತೇನೆ. ರಾಗಿಯ ತವರು ಪೂರ್ವ ಆಫ್ರಿಕಾ. ಉಗಾಂಡಾ, ಇಥಿಯೋಪಿಯಾದ ಎತ್ತರದ ಸೀಮೆಯಲ್ಲಿ ಕಾಡು ಹುಲ್ಲನ್ನು ಪಳಗಿಸಿ ಬೆಳೆ ಮಾಡಿದವರು ಅಲ್ಲಿಯ ರೈತರು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂತು. ಪಶ್ಚಿಮ ಉಗಾಂಡಾದಲ್ಲಿ ಇವತ್ತಿಗೂ ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಕೋಲಿನಿಂದ ತಿರುವಿ ಕಾಲೊ ಎಂಬ ಅಡುಗೆ ಮಾಡುತ್ತಾರೆ. ಕೈಯಲ್ಲಿ ಮುರಿದು, ಸಾರಿಗೆ ಅದ್ದಿ ತಿನ್ನುತ್ತಾರೆ. ನಮ್ಮ ಮಂಡ್ಯದವರನ್ನು ಅಲ್ಲಿ ಊಟಕ್ಕೆ ಕೂರಿಸಿದರೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೂ ರಾಗಿಯನ್ನು ಕಣಜದಲ್ಲಿ ವರ್ಷಗಟ್ಟಲೆ ಇಡುತ್ತಾರೆ, ಕಾಳು ಅಷ್ಟು ಸಣ್ಣದಾದ್ದರಿಂದ ಹುಳ ಬೀಳುವುದಿಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ರಾಗಿ ತುಂಬಿ ಬಾಯಿ ಮುಚ್ಚಿಡುತ್ತಿದ್ದದ್ದೂ ಇದೇ ಧೈರ್ಯದ ಮೇಲೆ. ಕೊಯ್ಲಿನಲ್ಲಿ ಮಾತ್ರ ವ್ಯತ್ಯಾಸ. ಅಲ್ಲಿ ಎಷ್ಟೋ ಕಡೆ ಸಣ್ಣ ಚಾಕು ಹಿಡಿದು ಒಂದೊಂದೇ ತೆನೆ ಕೊಯ್ಯುತ್ತಾರೆ. ನಿಧಾನದ ಕೆಲಸ, ಆದರೆ ಪ್ರತಿ ತೆನೆಯೂ ಕೈಗೆ ಬರುವುದರಿಂದ ಒಳ್ಳೆಯದನ್ನು ಬೀಜಕ್ಕೆ ಎತ್ತಿಡುವುದು ಅಲ್ಲೇ ಆಗಿಹೋಗುತ್ತದೆ.

ಹೀಗೆ ತಲೆಮಾರುಗಳಿಂದ ಆರಿಸಿದ ತಳಿಗಳು ನಮಗೇ ಒದಗಿ ಬಂದವು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿ ಇಂಡಾಫ್ (ಇಂಡಿಯಾ-ಆಫ್ರಿಕಾ) ತಳಿಗಳನ್ನು ಮಾಡಿದರು. ಅಲ್ಲಿಯ ತಳಿಯಿಂದ ದಪ್ಪ ಕಾಂಡ, ದೊಡ್ಡ ತೆನೆ, ಬೆಂಕಿ ರೋಗ ತಡೆಯುವ ಗುಣ ಬಂತು, ನಮ್ಮದರಿಂದ ಇಲ್ಲಿಯ ಮಣ್ಣಿಗೆ, ಕಾಲಕ್ಕೆ ಹೊಂದುವ ಗುಣ. ಆಮೇಲೆ ರಾಜ್ಯದ ತುಂಬ ಹಬ್ಬಿದ ಜಿಪಿಯು 28 ತಳಿಯ ವಂಶದಲ್ಲೂ ಇಂಡಾಫ್ ಇದೆ. ಆಫ್ರಿಕಾದ ಯಾವ ಹಳ್ಳಿಯ ಯಾವ ತಾಯಿ ಆ ತೆನೆಗಳನ್ನು ಆರಿಸಿ ಎತ್ತಿಟ್ಟಳೋ, ಅವಳ ಹೆಸರು ಎಲ್ಲೂ ದಾಖಲಾಗಿಲ್ಲ. ಲಕ್ಷ್ಮಣಯ್ಯನವರನ್ನು ನೆನೆಯುವಾಗ ಅವಳನ್ನೂ ನೆನೆಯಬೇಕು ಎಂದು ನಾನು ನಂಬುತ್ತೇನೆ.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ, “ಸರ್, ಹಾಗಾದ್ರೆ ವಿಜ್ಞಾನ ಬೇಡ್ವಾ?” ಬಹಳ ಬೇಕು ಕಣಪ್ಪ. ಮೆಕ್ಕೆಜೋಳ ತಿಂದುಹಾಕುವ ಸೈನಿಕ ಹುಳುವನ್ನೇ ನೋಡು. 2016ರಲ್ಲಿ ಅಮೆರಿಕ ಕಡೆಯಿಂದ ಪಶ್ಚಿಮ ಆಫ್ರಿಕಾಕ್ಕೆ ಬಂತು, ಎರಡು ವರ್ಷದಲ್ಲಿ ಖಂಡದ ಬಹುಭಾಗವನ್ನು ಆವರಿಸಿತು, 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ಶಿವಮೊಗ್ಗದಲ್ಲಿ. ಹಿಂದೆ ಕಂಡೇ ಇರದ ಹುಳುವಿಗೆ ಅಜ್ಜಿಯ ಹತ್ತಿರ ಮದ್ದು ಎಲ್ಲಿಂದ ಬರಬೇಕು? ಆದರೂ ಅಲ್ಲಿಯ ರೈತರು ಸುಮ್ಮನೆ ಕೂರಲಿಲ್ಲ. ಸುಳಿಗೆ ಬೂದಿ ಹಾಕಿದರು, ಮರಳು ಹಾಕಿದರು, ಮಣ್ಣು ಹಾಕಿ ನೋಡಿದರು. ಇನ್ನೊಂದು ಕಡೆ ವಿಕ್ಟೋರಿಯಾ ಸರೋವರದ ಸುತ್ತ, ಭಾರತ ಮೂಲದ ಕೀಟ ವಿಜ್ಞಾನಿ ಜಿಯಾವುರ್ ಖಾನ್ ಮತ್ತು ಅವರ ಜೊತೆಯವರು 1990ರ ದಶಕದಿಂದ ಒಂದು ಪದ್ಧತಿ ಬೆಳೆಸಿದ್ದರು. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಬಳ್ಳಿ, ಹೊಲದ ಸುತ್ತ ನೇಪಿಯರ್ ಹುಲ್ಲು. ಬಳ್ಳಿಯ ವಾಸನೆಗೆ ಕಾಂಡ ಕೊರೆಯುವ ಹುಳುವಿನ ಪತಂಗ ದೂರ ಹೋಗುತ್ತದೆ, ಹುಲ್ಲಿನ ವಾಸನೆಗೆ ಅತ್ತ ಹೋಗಿ ಮೊಟ್ಟೆ ಇಡುತ್ತದೆ. ಎರಡೂ ದನಕ್ಕೆ ಮೇವು. ಸೈನಿಕ ಹುಳುವನ್ನೂ ಇದು ತಗ್ಗಿಸಿತು. ಬೆಳೆಗಳನ್ನು ಬೆರೆಸಿ ಹಾಕುವುದು ಆ ರೈತರಿಗೆ ಮೊದಲೇ ರೂಢಿ ಇತ್ತು, ನಮ್ಮ ಅಕ್ಕಡಿ ಬೆಳೆಯ ಹಾಗೆ. ವಿಜ್ಞಾನ ಅದರ ಮೇಲೆ ನಿಂತು ಕೆಲಸ ಮಾಡಿತು.

ಮಳೆಯ ವಿಷಯದಲ್ಲೂ ಹೀಗೇ. ಪಶ್ಚಿಮ ಕೆನ್ಯಾದ ಎನ್‌ಗಾನ್ಯಿ ಎಂಬ ಮನೆತನದವರು ಮರಗಳ ಚಿಗುರು, ಹೂ, ಇರುವೆ, ಗಾಳಿಯ ದಿಕ್ಕು ನೋಡಿ ಮಳೆ ಹೇಳುವವರು. ಬ್ರಿಟಿಷರ ಕಾಲದಲ್ಲಿ ಇಂಥವರನ್ನು ಮಾಟಗಾರರ ಸಾಲಿಗೆ ಸೇರಿಸಿದ್ದರು. 2008ರ ಸುಮಾರಿಗೆ ಹವಾಮಾನ ಇಲಾಖೆಯವರು ಅವರ ಜೊತೆ ಕೂತು, ಎರಡೂ ಕಡೆಯ ಮುನ್ಸೂಚನೆ ಇಟ್ಟುಕೊಂಡು, ಒಪ್ಪಿದ ಮಾತನ್ನು ಊರಿನ ಭಾಷೆಯಲ್ಲಿ ಸಾರುವ ಕೆಲಸ ಶುರುಮಾಡಿದರು. ಹವೆ ಕೆಡುತ್ತಾ ಹೋದ ಹಾಗೆ ಹಳೆಯ ಗುರುತುಗಳು ತಪ್ಪುತ್ತಿವೆ, ನಿಜ. ಉಪಗ್ರಹದ ಲೆಕ್ಕವೂ ಒಂದು ಹಳ್ಳಿಯ ಮಟ್ಟಕ್ಕೆ ಇಳಿದಾಗ ತಪ್ಪುತ್ತದೆ. ರೈತರು ನಂಬಿದವರ ಬಾಯಿಂದ ಬಂದರೆ ಮಾತ್ರ ಆ ಮಾತಿಗೆ ಬಿತ್ತನೆ ನಡೆಯುತ್ತದೆ.

ಸೊಪ್ಪಿನ ವಿಷಯ ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಕೆನ್ಯಾದಲ್ಲಿ ಮನಾಗು ಅಂದರೆ ನಮ್ಮ ಗಣಿಕೆ ಸೊಪ್ಪಿನ ಜಾತಿ, ತೆರೆರೆ ಅಂದರೆ ದಂಟು, ಕುಂಡೆ ಅಂದರೆ ಅಲಸಂದೆ ಎಲೆ. ಎಲೆಕೋಸು ಬಂದ ಮೇಲೆ ಇವೆಲ್ಲ ಕಳೆ, ಬಡವರ ಊಟ ಅನ್ನಿಸಿಕೊಂಡವು. ಪ್ರೊಫೆಸರ್ ಮೇರಿ ಅಬುಕುಟ್ಸಾ-ಒನ್ಯಾಂಗೊ ಅವರಿಗೆ ಚಿಕ್ಕಂದಿನಲ್ಲಿ ಹಾಲು, ಮೊಟ್ಟೆ, ಮೀನು ಒಗ್ಗುತ್ತಿರಲಿಲ್ಲ, ಈ ಸೊಪ್ಪು ತಿಂದೇ ಬೆಳೆದವರು. 1990ರ ದಶಕದಿಂದ ಅವರು ಈ ಸೊಪ್ಪುಗಳ ಬೀಜ, ಬೇಸಾಯ, ಪೌಷ್ಟಿಕಾಂಶ ಎಲ್ಲವನ್ನೂ ಅಧ್ಯಯನ ಮಾಡಿದರು. ರೈತರ ಹತ್ತಿರ ಬೀಜ ಇತ್ತು, ಮೊಳಕೆ ಸರಿಯಾಗಿ ಬರುತ್ತಿರಲಿಲ್ಲ. ಅದನ್ನು ಸರಿಮಾಡುವುದನ್ನು ರೈತರ ಜೊತೆಗೇ ಕಲಿತು ಕಲಿಸಿದರು. ಈಗ ನೈರೋಬಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಮನಾಗು ಕಟ್ಟು ಕಟ್ಟಾಗಿ ಮಾರಾಟವಾಗುತ್ತದೆ, ಮಾರುವ ಹೆಂಗಸರ ಕೈಗೆ ದುಡ್ಡು ಬರುತ್ತದೆ.

ಕೊನೆಯದಾಗಿ ಬೀಜದ ಕಾನೂನು. ಇಷ್ಟು ಹೊತ್ತು ಹೇಳಿದ್ದೆಲ್ಲ ನಿಂತಿರುವುದು ಬೀಜ ಕೈಯಿಂದ ಕೈಗೆ ಹೋಗುವುದರ ಮೇಲೆ. ಅಕ್ಕ ತಂಗಿಗೆ ಕೊಡುತ್ತಾಳೆ, ಮದುವೆಯಾಗಿ ಹೋಗುವ ಮಗಳು ಗಂಟಿನಲ್ಲಿ ಒಯ್ಯುತ್ತಾಳೆ, ಸಂತೆಯಲ್ಲಿ ಸೇರಿಗೆ ಸೇರು ಬದಲಾಗುತ್ತದೆ. ಕೆನ್ಯಾದಲ್ಲಿ 2012ರಲ್ಲಿ ತಿದ್ದಿದ ಬೀಜ ಕಾನೂನಿನ ಪ್ರಕಾರ ಪ್ರಮಾಣಪತ್ರ ಇಲ್ಲದ ಬೀಜವನ್ನು ಮಾರಿದರೆ, ವಿನಿಮಯ ಮಾಡಿಕೊಂಡರೆ ಎರಡು ವರ್ಷದವರೆಗೆ ಜೈಲು ಅಥವಾ 10 ಲಕ್ಷ ಶಿಲಿಂಗ್‌ವರೆಗೆ ದಂಡ ಬೀಳುವ ಭಯವಿತ್ತು. ಸಣ್ಣ ರೈತರ ಒಂದು ಗುಂಪು 2022ರಲ್ಲಿ ಕೋರ್ಟಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ಹೈಕೋರ್ಟ್, ರೈತರ ಬೀಜ ವಿನಿಮಯವನ್ನು ಅಪರಾಧ ಮಾಡುವ ಕಲಂಗಳು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ನಮ್ಮಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ಇದೆ. ಬೀಜ ಉಳಿಸಿಕೊಳ್ಳಲು, ಬಿತ್ತಲು, ಹಂಚಲು, ಬ್ರ್ಯಾಂಡ್ ಹೆಸರು ಹಾಕದೆ ಮಾರಲು ನಮ್ಮ ರೈತರಿಗೆ ಹಕ್ಕಿದೆ ಎಂದು ಅದು ಹೇಳುತ್ತದೆ. ಸಭೆಯಲ್ಲಿ ಕೂತಿದ್ದ ರೈತರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಎಂದು ಕೇಳಿದೆ, ಕೈ ಎತ್ತಿದವರು ಬಹಳ ಕಡಿಮೆ. ದಯವಿಟ್ಟು ಆ ಕಲಂ ಅನ್ನು ಒಮ್ಮೆ ಓದಿ, ನಿಮ್ಮ ಊರಿನ ಸಂಘದಲ್ಲಿ ಓದಿ ಹೇಳಿ. ಬೀಜದ ಹೊಸ ಕಾನೂನಿನ ಕರಡು ಯಾವಾಗ ಬಂದರೂ ಮೊದಲು ಈ ಹಕ್ಕು ಅದರಲ್ಲಿ ಇದ್ದ ಹಾಗೇ ಇದೆಯೇ ಎಂದು ನೋಡಿ.